ವಿಜಾಪುರವು ಯಾರದು?

(ಒಂದು ಉಪನ್ಯಾಸ)



ಕನ್ನಡಿಗನು ಹಂಪೆಗೆ ಹೋದರೆ ಕಣ್ಣೀರು ಸುರಿಸುತ್ತಾನೆ. ವಿಜಾಪುರಕ್ಕೆ ಹೋದರೆ ಕತ್ತೆತ್ತಿ ನೋಡಿ, ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿ, ಮರುದನಿಗಳನ್ನು ಎಣಿಸಿ, ಊರಿಗೆ ಮರಳುತ್ತಾನೆ. ಅಲ್ಲಿ ಅವನು ಮನೆಯ ಮಗ. ಇಲ್ಲಿ ಬಂದುಹೋಗುವ ಬೀಗ. ಒಂದೇ ನಾಡಿನ ಎರಡು ರಾಜಧಾನಿಗಳ ವಿಷಯದಲ್ಲಿ ನಮಗೆ ಈ ಪಂಕ್ತಿಭೇದವು ಏಕೆ ಬಂದಿತು, ಅದು ಎಷ್ಟರಮಟ್ಟಿಗೆ ಸರಿಯಾದುದು ಎಂಬುದನ್ನು ತಮ್ಮ ಮುಂದೆ ವಿಚಾರಿಸಬೇಕೆಂದು ನಾನು ನಿಂತಿದ್ದೇನೆ.

ಒಂದು ಸಂಗತಿಯನ್ನು ಮೊದಲಿಗೇ ನೆನೆಯೋಣ. ಕನ್ನಡಿಗರಿಗೆ ಕರ್ನಾಟಕವೆಂಬುದೊಂದು ಉಂಟೆಂದು ತೋರಿಸಿಕೊಟ್ಟ ಆಲೂರ ವೆಂಕಟರಾಯರು ಹುಟ್ಟಿದುದು 1880ರಲ್ಲಿ, ಇದೇ ವಿಜಾಪುರದಲ್ಲಿ. ಆದರೆ ಅವರ ಎದೆಯಲ್ಲಿ ನಾಡಿನ ಕಿಚ್ಚು ಹತ್ತಿದುದು 1905ರಲ್ಲಿ, ಹಂಪೆಯ ಹಾಳನ್ನು ಕಂಡಾಗ. ಅವರ 'ಕರ್ನಾಟಕ ಗತವೈಭವ'ವು 1917ರಲ್ಲಿ ಪ್ರಕಟವಾಯಿತು. ಅದನ್ನು ಓದಿ ಎಚ್ಚತ್ತ ತಲೆಮಾರಿನ ಕಣ್ಣು ಸಹಜವಾಗಿಯೇ ತುಂಗಭದ್ರೆಯ ಕಡೆಗೆ ತಿರುಗಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಬಿದ್ದವರ ಮನೆಯಲ್ಲಿ ಮೊದಲು ಅಳು, ಆಮೇಲೆ ಲೆಕ್ಕ. ಅಳುವು ಸಾಕಷ್ಟಾಗಿದೆ, ಈಗ ಲೆಕ್ಕವನ್ನು ನೋಡಬಹುದು.

ಲೆಕ್ಕದಲ್ಲಿ ಕಹಿಯಾದುದನ್ನು ಮುಚ್ಚಿಡಲಾಗದು. 1565ರ ಜನವರಿ ತಿಂಗಳಲ್ಲಿ ಕೃಷ್ಣೆಯ ದಡದಲ್ಲಿ ವಿಜಯನಗರದ ಸೈನ್ಯವನ್ನು ಮುರಿದ ಸುಲ್ತಾನರಲ್ಲಿ ವಿಜಾಪುರದ ಮೊದಲನೆಯ ಅಲಿ ಆದಿಲಶಾಹನೂ ಒಬ್ಬ. ಆ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆಯೂ ಇದೇ ಜಿಲ್ಲೆಯದು. ಇದೇ ಅಲಿಯು ಅದಕ್ಕೆ ಕೆಲವೇ ವರ್ಷಗಳ ಹಿಂದೆ ವಿಜಯನಗರಕ್ಕೆ ಅತಿಥಿಯಾಗಿ ಹೋಗಿ, ರಾಮರಾಯನಿಂದ ಮಗನೆಂದು ಕರೆಯಿಸಿಕೊಂಡು ಬಂದವನು. ಯುದ್ಧದ ತರುವಾಯ ವಿಜಾಪುರದ ಬೊಕ್ಕಸವು ತುಂಬಿತು. ಸುಮಾರು ಆರೂಕಾಲು ಮೈಲಿ ಸುತ್ತಳತೆಯ ಕೋಟೆಯು ಆ ವರ್ಷಗಳಲ್ಲಿಯೇ ಪೂರ್ಣವಾಯಿತು. ಜಾಮಿ ಮಸೀದಿಯ ಕೆಲಸವು 1576ರ ಸುಮಾರಿಗೆ ಮೊದಲಾಯಿತು. ತುಂಗಭದ್ರೆಯ ತೀರದಲ್ಲಿ ಇಳಿದ ಹೊನ್ನು ಇಲ್ಲಿ ಕಲ್ಲಾಗಿ ಏರಿತೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಲ್ಲನ್ನು ಕಡಿದವರಾರು, ಹೊತ್ತವರಾರು, ಈ ಊರಿಗೆ ನೀರನ್ನೂ ಕಾಳನ್ನೂ ಒದಗಿಸಿದವರಾರು ಎಂದು ಕೇಳದೆ ಊರನ್ನೇ ಬಾದಶಹರಿಗೆ ಬರೆದುಕೊಡುವುದು ಮಾತ್ರ ನ್ಯಾಯವಲ್ಲ. ಬಾದಶಹರು ಇನ್ನೂರು ವರ್ಷ ಇದ್ದರು, ಹೋದರು. ಜನ ಅದಕ್ಕೂ ಹಿಂದೆ ಇದ್ದರು, ಇಂದಿಗೂ ಇದ್ದಾರೆ.

ಊರಿನ ಹೆಸರನ್ನೇ ನೋಡಿರಿ. ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫನು ಸ್ವತಂತ್ರನಾದುದು 1489-90ರ ಸುಮಾರಿಗೆ. ಅದಕ್ಕೆ ಶತಮಾನಗಳ ಮುಂಚೆಯೇ, ಕಲ್ಯಾಣದ ಚಾಳುಕ್ಯರ ಕಾಲಕ್ಕೆ, ಇದು ವಿಜಯಪುರ. ಅಭಿನವ ಪಂಪನೆನಿಸಿದ ನಾಗಚಂದ್ರನು ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದುದು ಈ ವಿಜಯಪುರದಲ್ಲಿಯೇ ಎಂಬುದು ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ತಿಳಿದ ಮಾತು. ಜನರ ನಾಲಗೆಯಲ್ಲಿ ವಿಜಯಪುರವು ವಿಜಾಪುರವಾಯಿತು, ದಫ್ತರದಲ್ಲಿ ಬಿಜಾಪುರವಾಯಿತು. 2014ರ ನವೆಂಬರ 1ರಂದು ಸರಕಾರದ ಕಾಗದಪತ್ರಗಳಲ್ಲಿ ಅದು ಮತ್ತೆ ವಿಜಯಪುರವಾಗಿದೆ. ಎರಡನೆಯ ಇಬ್ರಾಹಿಮ ಆದಿಲಶಾಹನಂತೂ ಇದನ್ನು ವಿದ್ಯಾಪುರವೆಂದು ಕರೆದನು. ಆ ಹೆಸರು ಉಳಿಯಲಿಲ್ಲ. ಆದರೆ ಅದು ಈ ನೆಲಕ್ಕೆ ಹೊಸದಾಗಿಯೂ ಇರಲಿಲ್ಲ. ಅದು ಹೇಗೆಂಬುದಕ್ಕೆ ತಮ್ಮನ್ನು ಇಂಡಿ ತಾಲೂಕಿನ ಸಾಲೋಟಗಿಗೆ ಕರೆದೊಯ್ಯಬೇಕಾಗುವದು.

ಸಾಲೋಟಗಿಯಲ್ಲಿ ದೊರೆತ ಒಂದು ಶಿಲಾಸ್ತಂಭದ ಮೇಲೆ ಕ್ರಿ. ಶ. 945ರ ಶಾಸನವಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ನೆಲಸಿದರು. ಅವರ ಅಶನಕ್ಕೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆ 12 ನಿವರ್ತನ, ಇರಲಿಕ್ಕೆ 27 ನಿವೇಶನಗಳು. ಅಷ್ಟಕ್ಕೇ ನಿಲ್ಲಲಿಲ್ಲ. ಊರಿನಲ್ಲಿ ಮದುವೆಯಾದರೆ ಇಷ್ಟು, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಎಂದು ಪ್ರತಿಯೊಂದು ಮನೆಯ ಶುಭಕಾರ್ಯದಿಂದಲೂ ಶಾಲೆಗೆ ಒಂದು ಪಾಲು ಸಲ್ಲುವಂತೆ ಕಟ್ಟಳೆಯಾಯಿತು. ರಾಜನು ಕೊಟ್ಟ ಭೂಮಿಯೊಂದರಿಂದಲೇ ಶಾಲೆಯು ನಡೆಯಲಾರದು, ಊರವರ ಕೈಯೂ ಅದಕ್ಕೆ ಹತ್ತಬೇಕು ಎಂಬ ಈ ತಿಳಿವಳಿಕೆಯು ಸಾವಿರ ವರ್ಷಗಳ ಹಿಂದಿನದು. ಪಾವಿಟ್ಟಗೆಯೆಂಬ ಊರು ಶಾಲಾಪಾವಿಟ್ಟಗೆಯಾಯಿತು. ಅದೇ ಸವೆದು ಸಾಲೋಟಗಿ. ಶಾಲೆಯು ಮಣ್ಣುಗೂಡಿತು, ಊರಿನ ಹೆಸರಿನಲ್ಲಿ ಮಾತ್ರ ಇನ್ನೂ ಪಾಠವು ನಡೆದಿದೆ.

ಈಗ ಸಾಲೋಟಗಿಯಿಂದ ವಿಜಾಪುರದ ಅರಕಿಲ್ಲೆಗೆ ಬನ್ನಿರಿ. ಅರಕಿಲ್ಲೆಯೆಂದರೆ ಕೋಟೆಯೊಳಗಿನ ಕೋಟೆ, ಅರಮನೆಗಳಿದ್ದ ಜಾಗ. ಅಲ್ಲಿ ಕರೀಮುದ್ದೀನನ ಮಸೀದಿಯೆಂಬ ಹಳೆಯ ಕಟ್ಟಡವಿದೆ. ಅದು 1320ರದು, ಎಂದರೆ ಆದಿಲಶಾಹಿಗಿಂತ ನೂರೆಪ್ಪತ್ತು ವರ್ಷ ಹಿಂದಿನದು. ಅದರ ಕಂಬಗಳು ಗುಡಿಯ ಕಂಬಗಳು. ಹೊಕ್ಕವರಿಗೆ ಅದು ಹೇಳದೆಯೇ ತಿಳಿಯುತ್ತದೆ, ಎದೆಯೂ ಒಮ್ಮೆ ನೋಯುತ್ತದೆ. ಆದರೆ ಅಲ್ಲಿಯ ಶಿಲಾಲೇಖದಲ್ಲಿ ಅದನ್ನು ಕಟ್ಟಿದ ಕುಶಲಕರ್ಮಿಯ ಹೆಸರೂ ಇದೆ: ರೇವಯ್ಯ. ಅವನು ಸಾಲೋಟಗಿಯವನು!

ಮಹನೀಯರೇ, ನಾನು ಈ ಹೆಸರಿನ ಮುಂದೆ ಬಹಳ ಹೊತ್ತು ನಿಲ್ಲುತ್ತೇನೆ. ದೊರೆಯ ಹೆಸರು ಪ್ರತಿಯೊಂದು ಬಾಗಿಲಿನ ಮೇಲೂ ಇರುತ್ತದೆ. ಉಳಿಯ ಹಿಡಿದವನ ಹೆಸರು ಎಲ್ಲೋ ಒಂದೆಡೆ. ಶಾಲೆಯ ಊರಿನ ಮಗನು ಹೊಸ ಧಣಿಯ ಅಪ್ಪಣೆಯಂತೆ ಹಳೆಯ ಕಂಬಗಳನ್ನು ನಿಲ್ಲಿಸುವಾಗ ಏನನ್ನು ನೆನೆದನೋ ಯಾರು ಬಲ್ಲರು? ಹೊಟ್ಟೆಯ ಪಾಡೋ, ಕಸುಬಿನ ಹೆಮ್ಮೆಯೋ, ಮನಸ್ಸಿನ ಸಂಕಟವೋ. ಮೂರೂ ಇದ್ದಿರಬಹುದು. ಆದರೆ ಅವನ ಕೈಗಳು ಕನ್ನಡ ನೆಲದ ಕೈಗಳೆಂಬುದು ಮಾತ್ರ ಖಂಡಿತ. ಆ ಒಂದು ಹೆಸರನ್ನು ಕೈದೀಪದಂತೆ ಹಿಡಿದು ವಿಜಾಪುರವನ್ನೆಲ್ಲ ಸುತ್ತಬೇಕು. ಆಗ ಊರು ಬೇರೆಯಾಗಿ ಕಾಣುತ್ತದೆ.

ಇಬ್ರಾಹಿಮ ರೋಜಾಕ್ಕೆ ಹೋಗಿರಿ. ಎರಡನೆಯ ಇಬ್ರಾಹಿಮನು 1580ರಿಂದ 1627ರ ವರೆಗೆ ಆಳಿದವನು. ಅವನೂ ಅವನ ರಾಣಿ ತಾಜ ಸುಲ್ತಾನಳೂ ಅಲ್ಲಿ ಮಲಗಿದ್ದಾರೆ. ಸಮಾಧಿಯ ಒಳಕೋಣೆಯ ಮೇಲುಗಡೆ ಕಲ್ಲಿನ ಹಲಗೆಗಳ ಸಪಾಟಾದ ಮಾಳಿಗೆಯಿದೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಗಾರೆಯ ಹಿಡಿತವೊಂದರಿಂದಲೇ ಅದು ನಿಂತಿದೆ. ಹೊರಗಣ ಛಜ್ಜೆಯಿಂದ ತೂಗುತ್ತಿದ್ದ ಕಲ್ಲಿನ ಸರಪಳಿಗಳು ಒಂದೇ ಕಲ್ಲಿನಲ್ಲಿ ಕಡಿದವು. ಇಂಥ ಸರಪಳಿಗಳನ್ನು ನಾವು ದಕ್ಷಿಣದ ದೇವಾಲಯಗಳಲ್ಲಿ ಕಂಡು ಮೆಚ್ಚಿಲ್ಲವೆ? ಗೋಡೆಯ ಮೇಲಣ ಅಕ್ಷರಗಳು ಅರಬ್ಬೀ. ಕಲ್ಲನ್ನು ಬೆಣ್ಣೆಯಂತೆ ಕೊರೆವ ಆ ಚಾಳಿಯು ಮಾತ್ರ ಈ ಮಣ್ಣಿನದು.

ಗೋಲಗುಮ್ಮಟದ ವಿಷಯವಾಗಿ ಎಲ್ಲರೂ ಹೇಳುತ್ತಾರೆ. ಆದರೂ ಮರುದನಿಯ ಸೋಜಿಗದಲ್ಲಿ ಕಟ್ಟಡದ ಜಾಣ್ಮೆಯು ಮರೆತುಹೋಗುತ್ತದೆ. ಮಹಮ್ಮದ ಆದಿಲಶಾಹನ (1627-1656) ಈ ಗೋರಿಯ ಒಳಕೋಣೆಯು ಚೌಕವಾದುದು, ಒಂದೊಂದು ಮಗ್ಗುಲೂ ಸುಮಾರು 135 ಅಡಿ. ಅದರ ಮೇಲಣ ಗುಮ್ಮಟವಾದರೋ ದುಂಡು, ಹೊರಗಿನ ಅಡ್ಡಳತೆ ಸುಮಾರು 144 ಅಡಿ. ಚೌಕದ ಮೇಲೆ ದುಂಡನ್ನು ಕೂಡಿಸುವ ಬಗೆ ಎಂತು? ನಡುವೆ ಒಂದಾದರೂ ಕಂಬವನ್ನಿಡದೆ, ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದಿಟ್ಟು ಹಾಕಿದ ರಂಗೋಲಿಯ ಎಳೆಗಳಂತೆ ಅವು ಅಡ್ಡಹಾಯುತ್ತವೆ. ಹಾಯುತ್ತ ಹಾಯುತ್ತ ಬಯಲನ್ನು ಕಿರಿದುಮಾಡಿ, ಗುಮ್ಮಟಕ್ಕೆ ದುಂಡಾದ ಅಂಚನ್ನು ಒದಗಿಸುತ್ತವೆ. ಗುಮ್ಮಟವು ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ಹೆಣಿಗೆಯು ತನ್ನ ಭಾರದಿಂದ ಆ ನೂಕನ್ನು ತಡೆಯುತ್ತದೆ. ಎರಡು ಬಲಗಳು ಒಂದನ್ನೊಂದು ಹಿಡಿದು ನಿಂತು ಮುನ್ನೂರೈವತ್ತು ವರ್ಷಗಳಿಗೆ ಮಿಕ್ಕಿತು. ಅದೇ ಮಹಮ್ಮದನ ಮಗ ಎರಡನೆಯ ಅಲಿಯು ತನಗೂ ಒಂದು ದೊಡ್ಡ ಗೋರಿಯಿರಲೆಂದು ಹೊರಟನು. ಬಾರಾ ಕಮಾನೆಂಬ ಅರೆಬರೆಯ ಕಮಾನುಗಳಷ್ಟೇ ಉಳಿದವು. ಅದರ ಬಗ್ಗೆ ಹೆಚ್ಚೇನನ್ನೂ ಹೇಳಬೇಕಾದುದಿಲ್ಲ.

ಇನ್ನು ನಾನು ಮುಖ್ಯವೆಂದು ತಿಳಿದ ಮಾತಿಗೆ ಬರುತ್ತೇನೆ. ವಿಜಾಪುರದ ಹೆಗ್ಗಳಿಕೆಯು ನೆಲದ ಮೇಲೆ ಎಷ್ಟಿದೆಯೋ ನೆಲದ ಕೆಳಗೂ ಅಷ್ಟೇ ಇದೆ, ಅದೇ ನೀರು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿಯೆಲ್ಲ ಕಾಳೆಂದು ನಮ್ಮ ಜನ ಅನ್ನುತ್ತಾರೆ. ಹರಿಯದಿದ್ದರೆ ಏನಾಗುವದೆಂಬುದನ್ನು ಗಾದೆಯು ಹೇಳುವದಿಲ್ಲ, ಬರಗಾಲವು ಹೇಳುತ್ತದೆ. 1876-77ರ ಬರದಲ್ಲಿ ಈ ಸೀಮೆಯು ಪಟ್ಟ ಪಾಡನ್ನು ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ವಿಜಾಪುರ ಪಟ್ಟಣಕ್ಕಾದರೋ ಹತ್ತಿರದಲ್ಲಿ ಯಾವ ದೊಡ್ಡ ಹೊಳೆಯೂ ಇಲ್ಲ. ಹೊಳೆಯಿಲ್ಲದೆಡೆಯಲ್ಲಿ ಒಂದು ಮಹಾನಗರವು ಬಾಳಿದುದು ಹೇಗೆ?

ಪಟ್ಟಣದ ಪಡುವಣಕ್ಕೆ ತೊರವೆಯಿದೆ. ಅಲ್ಲಿಯ ನೀರನ್ನು ಮೊದಲನೆಯ ಅಲಿಯ ಕಾಲದಲ್ಲಿ ಸುರಂಗದ ಮೂಲಕ ಪಟ್ಟಣಕ್ಕೆ ತಂದರು. ಸುರಂಗದುದ್ದಕ್ಕೂ ಗಾಳಿಬೆಳಕಿಗೆ, ಹೂಳೆತ್ತಲಿಕ್ಕೆ ಬಾವಿಗಳಂಥ ಕಿಂಡಿಗಳನ್ನು ತೋಡಿದರು. 1651ರಲ್ಲಿ ತೆಂಕಣ ದಿಕ್ಕಿನ ಬೇಗಂ ತಲಾಬದಿಂದ ಎರಡನೆಯ ದಾರಿಯಾಯಿತು. ಸುಟ್ಟ ಮಣ್ಣಿನ ಕೊಳವೆಗಳನ್ನು ಗಚ್ಚಿನಲ್ಲಿ ಹುಗಿದು, ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಇಳುಕಲಿನಲ್ಲಿ ಬರುವ ನೀರಿನ ಒತ್ತಡದಿಂದ ಕೊಳವೆಗಳು ಒಡೆಯಬಾರದಲ್ಲವೆ? ನೀರು ಗಂಜಿನಲ್ಲಿ ಏರಿ ತನ್ನ ರಭಸವನ್ನು ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ತಳದಲ್ಲಿ ಬಿಟ್ಟು, ತಿಳಿಯಾಗಿ ಮುಂದೆ ಹೋಗುತ್ತಿದ್ದಿತು. ಈ ಗೋಪುರಗಳು ಇಂದೂ ಮನೆಗಳ ನಡುವೆ ಮೂಕರಂತೆ ನಿಂತಿವೆ. ಹಾದುಹೋಗುವವರು ಅವನ್ನು ಯಾವುದೋ ಮುರುಕು ಬುರುಜೆಂದು ತಿಳಿಯುತ್ತಾರೆ!

ಇದರ ಮೇಲೆ ಬಾವಿಗಳು. 1579ರ ಚಾಂದಬಾವಡಿ, 1620ರ ತಾಜಬಾವಡಿ. ತಾಜಬಾವಡಿಯನ್ನು ಬಾವಿಯೆನ್ನಲು ಬಾಯಿ ಬಾರದು. ಒಂದೊಂದು ಬದಿಯೂ 220 ಅಡಿಗಳಿಗೆ ಮಿಕ್ಕ ಹೊಂಡವದು. ಮುಂದೆ ದೊಡ್ಡ ಕಮಾನು, ಇಕ್ಕೆಲಗಳಲ್ಲಿ ಎಂಟು ಮೂಲೆಯ ಗೋಪುರಗಳು, ದಾರಿಕಾರರು ತಂಗಲಿಕ್ಕೆ ಪಡಸಾಲೆಗಳು. ಗುಮ್ಮಟವು ಸತ್ತ ಒಬ್ಬನಿಗಾಗಿ. ಬಾವಿಯು ಬದುಕಿದ ಸಾವಿರಾರು ಜನರಿಗಾಗಿ. ಆದರೆ ನೋಡಲು ಬಂದವರು ಗುಮ್ಮಟಕ್ಕೆ ಟಿಕೀಟು ಕೊಂಡು ಹೋಗುತ್ತಾರೆ. ಬಾವಿಯ ದಾರಿಯನ್ನು ಕೇಳುವವರು ವಿರಳ.

ತೊರವೆಯ ಹೆಸರನ್ನು ಹೇಳಿ ಸುಮ್ಮನೆ ಮುಂದೆ ಸಾಗುವಂತಿಲ್ಲ. ಕನ್ನಡಿಗರಿಗೆ ತೊರವೆಯೆಂದರೆ ಮೊದಲು ನೆನಪಾಗುವದು ರಾಮಾಯಣ. ಕುಮಾರವಾಲ್ಮೀಕಿಯೆಂದು ಪ್ರಸಿದ್ಧನಾದ ನರಹರಿಯು ತೊರವೆಯ ನರಸಿಂಹನ ಸನ್ನಿಧಿಯಲ್ಲಿ ಭಾಮಿನಿ ಷಟ್ಪದಿಯಲ್ಲಿ ತನ್ನ ಕಾವ್ಯವನ್ನು ಹೆಣೆದನು; ಊರ ಹೆಸರೇ ಕಾವ್ಯದ ಹೆಸರಾಯಿತು. ಮಳೆಗಾಲದ ರಾತ್ರಿಗಳಲ್ಲಿ ಹಳ್ಳಿಹಳ್ಳಿಯ ಚಾವಡಿಗಳಲ್ಲಿ ಅದನ್ನು ಓದಿಸಿ ಕೇಳಿದ ನಾಡು ನಮ್ಮದು. ಇದೇ ತೊರವೆಯ ಮಗ್ಗುಲಿನಲ್ಲಿ 1599ರಲ್ಲಿ ಎರಡನೆಯ ಇಬ್ರಾಹಿಮನು ನೌರಸಪುರವೆಂಬ ಹೊಸ ಪಟ್ಟಣವನ್ನು ಹೂಡಿದನು. ನೌರಸವೆಂದರೆ ಬೇರೇನಲ್ಲ, ನಮ್ಮ ನವರಸವೇ. ಅವನು ದಖನಿಯಲ್ಲಿ ರಚಿಸಿದ ಹಾಡುಗಳ ಹೊತ್ತಗೆಯ ಹೆಸರೂ 'ಕಿತಾಬ್-ಎ-ನೌರಸ್'. ಅದರಲ್ಲಿ ಅವನು ಸರಸ್ವತಿಯನ್ನು ನೆನೆಯುತ್ತಾನೆ, ಗಣಪತಿಯನ್ನು ನೆನೆಯುತ್ತಾನೆ. ಅವನನ್ನು ಜನ ಜಗದ್ಗುರುವೆಂದು ಕರೆದರು. 1624ರಲ್ಲಿ ಅಹಮದನಗರದ ಮಲಿಕಂಬರನ ದಂಡು ಬಂದು ನೌರಸಪುರವನ್ನು ಸುಲಿಯಿತು. ಅದು ಮತ್ತೆ ಮೇಲೇಳಲಿಲ್ಲ. ಸಂಗೀತ ಮಹಲಿನ ಹಾಳು ಗೋಡೆಗಳು ಉಳಿದಿವೆ. ಸುಲ್ತಾನರು ಸುಲ್ತಾನರನ್ನೂ ಹೀಗೆ ಸುಲಿದುದುಂಟು. ಎಲ್ಲವನ್ನೂ ಮತದ ಒಂದೇ ತಕ್ಕಡಿಯಲ್ಲಿ ತೂಗುವವರು ಇದನ್ನೂ ಗಮನಿಸಬೇಕು. ಒಂದೇ ಹಳ್ಳಿಯು ಕನ್ನಡಕ್ಕೆ ರಾಮಾಯಣವನ್ನೂ, ಪಟ್ಟಣಕ್ಕೆ ಕುಡಿಯುವ ನೀರನ್ನೂ, ಬಾದಶಹನಿಗೆ ಹಾಡುವ ತಾವನ್ನೂ ಕೊಟ್ಟಿತು. ಈ ಮೂರನ್ನು ಬೇರೆ ಬೇರೆ ಮಾಡಿ, ಒಂದು ನಮ್ಮದು ಉಳಿದೆರಡು ಪರರವು ಎನ್ನಲು ನನ್ನಿಂದಾಗದು.

ಮುಂದಿನ ಕಥೆಯು ಇಳಿಜಾರಿನದು. 1686ರಲ್ಲಿ ಔರಂಗಜೇಬನು ಪಟ್ಟಣವನ್ನು ಹಿಡಿದನು. ಕೊನೆಯ ಸುಲ್ತಾನ ಸಿಕಂದರನು ಸೆರೆಯಾದನು. ಮೊಗಲರ ತರುವಾಯ ನಿಜಾಮ, 1760ರಲ್ಲಿ ಪೇಶವೆ, 1818ರಲ್ಲಿ ಸಾತಾರೆಯ ಅರಸ, 1848ರಲ್ಲಿ ಇಂಗ್ಲಿಷರು. ಒಡೆಯರು ಬದಲಾದಂತೆಲ್ಲ ಅರಮನೆಯ ತೊಲೆಗಳು ಕಿತ್ತುಹೋದವು. ಈ ಕಾಲದ್ದೊಂದು ಸಂಗತಿಯನ್ನು ಹೇಳದಿರಲಾರೆ. ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪು ತಮಗೆಲ್ಲ ಗೊತ್ತು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದುದು. ತೂಕ ಸುಮಾರು 55 ಟನ್ನು. 1854ರಲ್ಲಿ ಸರಕಾರವು ಕೆಲಸಕ್ಕೆ ಬಾರದ ತೋಪುಗಳನ್ನು ಹರಾಜಿಗಿಟ್ಟಿತು. ಮಲಿಕ್-ಎ-ಮೈದಾನಕ್ಕೆ ಬಂದ ಹೆಚ್ಚಿನ ಸವಾಲೆಂದರೆ 150 ರೂಪಾಯಿ! ಊರ ಜನರು ಆ ತೋಪನ್ನು ಪೂಜ್ಯಭಾವದಿಂದ ಕಾಣುತ್ತಾರೆಂಬುದನ್ನು ಅರಿತ ಅಧಿಕಾರಿಯೊಬ್ಬನು ಮೇಲಕ್ಕೆ ಬರೆದುದರಿಂದ ಹರಾಜು ನಿಂತಿತು. ಎರಕದ ಕಂಚನ್ನು ಕರಗುವ ಕುಲುಮೆಯಿಂದ ಉಳಿಸಿದುದು ಜನರ ಕುಂಕುಮ, ಹೂವು. ವಿದ್ಯಾವಂತರು ಇದನ್ನು ಮೌಢ್ಯವೆನ್ನಬಹುದು. ಆ ಮೌಢ್ಯವಿಲ್ಲದಿದ್ದರೆ ಬುರುಜು ಇಂದು ಬರಿದಾಗಿರುತ್ತಿತ್ತು.

ಇಂಗ್ಲಿಷರು ಮೊದಲು ಕಲಾದಗಿಯನ್ನು ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿದ್ದರು. ರೈಲು ಬಂದ ಮೇಲೆ, 1885ರಲ್ಲಿ, ಕಚೇರಿಗಳು ವಿಜಾಪುರಕ್ಕೆ ಬಂದವು. ಹಾಳು ಮಹಲುಗಳಿಗೆ ಮಾಡು ಹಾಕಿ ಅವುಗಳಲ್ಲಿಯೇ ದಫ್ತರಗಳನ್ನು ಹೂಡಿದರು. ಬಾದಶಹನು ಕುಳಿತ ತಾವಿನಲ್ಲಿ ಕಾರಕೂನನು ಕುಳಿತನು. ನಗೆ ಬರಬಹುದು, ಆದರೆ ಅದರಿಂದ ಮಾಡು ಉಳಿಯಿತು. ಗೋಲಗುಮ್ಮಟದ ಮುಂದಿನ ನಗಾರಖಾನೆಯು ಪ್ರಾಚ್ಯವಸ್ತು ಸಂಗ್ರಹಾಲಯವಾಗಿದೆ. ಅಲ್ಲಿ ಹಳಗನ್ನಡ ಶಾಸನಗಳು, ಜಿನಬಿಂಬಗಳು, ಚೀನಾದ ಪಿಂಗಾಣಿ, ಫಾರಸೀ ಹಸ್ತಪ್ರತಿಗಳು ಒಂದೇ ಮಾಡಿನ ಕೆಳಗಿವೆ. ಅವು ತಮ್ಮ ತಮ್ಮೊಳಗೆ ಜಗಳವಾಡಿದುದನ್ನು ನಾನು ಕೇಳಿಲ್ಲ.

ಪಟ್ಟಣದ ಮಾತಿನಲ್ಲಿ ಜಿಲ್ಲೆಯನ್ನು ಮರೆಯಬಾರದು. ಬಸವಣ್ಣನವರ ಬಾಗೇವಾಡಿಯು ಈ ಜಿಲ್ಲೆಯದು. ಹನ್ನೆರಡನೆಯ ಶತಮಾನದ ಶರಣರ ವಚನಗಳು ತಾಳೆಗರಿಗಳಲ್ಲಿ, ಮನೆಮನೆಯ ಜಗುಲಿಗಳ ಮೇಲೆ ಧೂಳು ಹಿಡಿದಿದ್ದಾಗ ಅವನ್ನು ಹುಡುಕಿ ತಂದು, ತಿದ್ದಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದವರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು. 1925ರಲ್ಲಿ ಅವರು ತಮ್ಮದೇ ಮುದ್ರಣಾಲಯವನ್ನು ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಹೂಡಿದರು. ಅವರೂ ಆಲೂರರಂತೆ 1880ರಲ್ಲಿ ಹುಟ್ಟಿದವರು. ಆಲೂರರು ವಿಜಾಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ದುಡಿದರು; ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ದುಡಿದರು. ಎರಡು ಊರುಗಳೂ ಸಾಲ ತೀರಿಸಿಕೊಂಡಂತಾಯಿತು.

ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಯು 1956ರ ನವೆಂಬರ 1ರಂದು ಕನ್ನಡಿಗರ ಒಂದೇ ರಾಜ್ಯದಲ್ಲಿ ಸೇರಿತು. 1997ರಲ್ಲಿ ದಕ್ಷಿಣ ಭಾಗವು ಬಾಗಲಕೋಟೆ ಜಿಲ್ಲೆಯಾಗಿ ಬೇರ್ಪಟ್ಟಿತು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮಗಳು ಆ ಕಡೆಗೆ ಹೋದವು. ಇದರಿಂದ ವಿಜಾಪುರದ ಪಾಲಿಗೆ ಗುಮ್ಮಟಗಳಷ್ಟೇ ಉಳಿದವೆಂದು ಕೆಲವರು ಹೇಳುವದನ್ನು ಕೇಳಿದ್ದೇನೆ. ಸಾಲೋಟಗಿಯನ್ನೂ ತೊರವೆಯನ್ನೂ ಬಾಗೇವಾಡಿಯನ್ನೂ ನೋಡದವರ ಮಾತದು.

ಇಂದು ಪಟ್ಟಣಕ್ಕೆ ಕೃಷ್ಣೆಯ ನೀರು ದೂರದಿಂದ ಕೊಳವೆಗಳಲ್ಲಿ ಬರುತ್ತದೆ. ನಲ್ಲಿಯು ಬಂದಿತು, ಬಾವಿಯ ಮೇಲಣ ಕಣ್ಣು ಹೋಯಿತು. ಊರಿನ ಕಸವೆಲ್ಲ ಬಾವಡಿಗಳಿಗೆ ಬಿದ್ದಿತು. ಹಬ್ಬ ಮುಗಿದ ಮೂರ್ತಿಗಳೂ ಅಲ್ಲಿಗೇ. 2016-17ರ ಸುಮಾರಿಗೆ ತಾಜಬಾವಡಿಯೇ ಮೊದಲಾದ ಹಳೆಯ ಬಾವಿಗಳ ಹೂಳನ್ನೆತ್ತುವ ಕೆಲಸವು ನಡೆಯಿತು. ಕೆಸರು ಹೋಗಿ ನೀರು ಕಂಡಿತು. ಸಂತೋಷವೇ. ಆದರೆ ಹೂಳನ್ನು ಸರಕಾರವು ಒಮ್ಮೆ ಎತ್ತೀತು. ಕಸವು ದಿನಾಲೂ ಬೀಳುವದು. ಮದುವೆ ಮುಂಜಿಗಳಲ್ಲಿ ಶಾಲೆಗೆ ಪಾಲು ತೆಗೆದಿಟ್ಟ ಸಾಲೋಟಗಿಯವರ ಕಟ್ಟಳೆಯನ್ನು ಓಣಿಯೊಂದೊಂದು ತನ್ನ ಬಾವಿಗೆ ಹಾಕಿಕೊಂಡರೆ ಏನು ಕಡಿಮೆಯಾದೀತು? ಗಂಜ್ ಗೋಪುರಗಳಿಗೆ, ತೊರವೆಯ ಸುರಂಗದ ಕಿಂಡಿಗಳಿಗೆ, ಇದು ಇಂಥದು ಎಂದು ಕನ್ನಡದಲ್ಲಿ ಒಂದೊಂದು ಫಲಕವನ್ನು ನಿಲ್ಲಿಸಲು ಎಷ್ಟು ಹಣ ಬೇಕು? ತೊರವೆಯ ಗುಡಿಯ ಬಳಿ ಕುಮಾರವಾಲ್ಮೀಕಿಯ ಕಾವ್ಯದ ವಾಚನವನ್ನು ವರ್ಷಕ್ಕೊಂದು ವಾರ ನಡೆಸಲು ಯಾರ ಅಪ್ಪಣೆ ಬೇಕು?

ತಾವು ಮುಂದಿನ ಸುಗ್ಗಿಯ ಬಿಡುವಿನಲ್ಲಿ ಮಕ್ಕಳನ್ನು ಕರೆದುಕೊಂಡು ವಿಜಾಪುರಕ್ಕೆ ಹೋಗುವುದಾದರೆ ಒಂದು ಬಿನ್ನಹ. ಗೋಲಗುಮ್ಮಟವನ್ನು ಕಡೆಗೆ ಇಟ್ಟುಕೊಳ್ಳಿರಿ. ಅದು ಎಲ್ಲಿಗೂ ಓಡಿಹೋಗುವದಿಲ್ಲ. ಬೆಳಿಗ್ಗೆ ಮೊದಲು ಅರಕಿಲ್ಲೆಗೆ ಹೋಗಿ, ಕರೀಮುದ್ದೀನನ ಮಸೀದಿಯ ಕಂಬಗಳ ನಡುವೆ ನಿಂತು, ಮಕ್ಕಳಿಗೆ ರೇವಯ್ಯನ ಹೆಸರನ್ನು ಹೇಳಿರಿ. ಅಲ್ಲಿಂದ ತಾಜಬಾವಡಿ, ಮೆಟ್ಟಿಲಿಳಿದು ನೀರು ಎಷ್ಟಿದೆ ನೋಡಿರಿ. ಮಧ್ಯಾಹ್ನ ತೊರವೆ. ಸಂಜೆಗೆ ಗುಮ್ಮಟದ ಮೇಲೇರಿ, ಮಕ್ಕಳು ಕೂಗುವುದಾದರೆ ಕನ್ನಡದಲ್ಲಿಯೇ ಕೂಗಲಿ. ಆ ಗೋಡೆಗಳು ಹೇಳಿದ್ದನ್ನು ಹೇಳಿದಂತೆಯೇ ಏಳು ಸಾರಿ ತಿರುಗಿ ಹೇಳುತ್ತವೆ.